ಎರಡನೇ ಕಾಗದ

ಜನವರಿ 9, ಬೆಳಿಗ್ಗೆ

ಅಕ್ಕಾ, ನಾನು. ಫೋನ್ ಮಾಡಿದ್ರೆ ನೀನು "ಕತ್ತರಿ ಕೈಲಿದೆ, ಆಮೇಲೆ ಮಾಡೋ" ಅಂತೀಯ. ಆ ಆಮೇಲೆ ಅನ್ನೋದು ಬರೋದೇ ಇಲ್ಲ. ಅದಕ್ಕೇ ಮಾತಾಡಿ ಕಳಿಸ್ತಾ ಇದೀನಿ. ಹೊಲೀತಾ ಕೇಳು, ಬೇಜಾರಾದ್ರೆ ನಿಲ್ಲಿಸು, ನನಗೇನು ಗೊತ್ತಾಗುತ್ತಾ? ನನ್ನ ಮಗಳು ಪಕ್ಕದಲ್ಲಿದ್ರೆ ಮಾತ್ರ ಆಮೇಲೆ ಕೇಳು.

ಥಿಯೇಟರಿನ ಸಾಮಾನು ಕೋಣೆಯಲ್ಲಿ ಕೂತಿದೀನಿ. ಮೇಲೆ ರಂಗದ ಹಲಗೆ ಮೇಲೆ ಧಡಧಡ ಅಂತ ಓಡಾಡ್ತಿದ್ದಾರಲ್ಲ, ಕೇಳಿಸ್ತಾ? ಮೂರು ವರ್ಷದ ಹಿಂದೆ ಆಡಿದ್ದ ಒಪೆರಾನೇ ಈ ಸಲ ಮತ್ತೆ ಎತ್ಕೊಂಡಿದ್ದಾರೆ. ಗಡಿಯಾರದವನ ಮಗಳ ಕಥೆ. ನೀನೂ ಬಂದಿದ್ದೆ, ಎರಡನೇ ಅಂಕಕ್ಕೇ ಗೊರಕೆ ಹೊಡೆದೆ, ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ. ಗಡಿಯಾರ ರಿಪೇರಿ ಮಾಡೋನಿಗೆ ಒಬ್ಬಳೇ ಮಗಳು. ಅವಳಿಗೆ ಸೇತುವೆ ಕಟ್ಟೋನ ಮೇಲೆ ಪ್ರೀತಿ. ಅವನು ಹೊಳೆ ಆಚೆ ಕೆಲಸಕ್ಕೆ ಹೋಗ್ತಾನೆ, "ಸೇತುವೆ ಮುಗಿಯೋ ದಿನ ಬಾ, ಕಾಯ್ತೀನಿ" ಅಂತ ಕಾಗದ ಬರೀತಾನೆ. ಅಪ್ಪ ಅದನ್ನ ದೊಡ್ಡ ಗಡಿಯಾರದ ಹೊಟ್ಟೆಯೊಳಗೆ ಬಚ್ಚಿಡ್ತಾನೆ. ಅವಳು ಕಾದು ಕಾದು ಇನ್ನೊಬ್ಬನಿಗೆ ಹೂಂ ಅಂತಾಳೆ. ಮದುವೆ ದಿನ ಗಡಿಯಾರ ನಿಂತುಹೋಗುತ್ತೆ, ಬಾಗಿಲು ತೆಗೆದ್ರೆ ಕಾಗದ ಬೀಳುತ್ತೆ. ಓಡ್ತಾಳೆ. ಅಷ್ಟರಲ್ಲಿ ಅವನು ಸೇತುವೆಯಿಂದ ಹಾರಿಬಿಟ್ಟಿರ್ತಾನೆ. ಇವಳು ಕಾಗದ ಎದೆಗೊತ್ಕೊಂಡು ಒಂಬತ್ತು ನಿಮಿಷ ಹಾಡಿ ಸಾಯ್ತಾಳೆ. ಒಂಬತ್ತು ನಿಮಿಷ ಅಕ್ಕ! ಅಷ್ಟು ಉಸಿರಿದ್ದೋಳು ಸಾಯೋದು ಯಾಕೆ ಅಂತ ಪಿಟೀಲಿನವರು ನಗಾಡ್ತಾರೆ.

ಪೆಟ್ಟಿಗೆಗಳನ್ನ ಬಿಚ್ಚಿ ಒರೆಸ್ತಾ ಇದೀನಿ. ನನ್ನ ಪದ್ಧತಿ ನಿನಗೆ ಗೊತ್ತಲ್ಲ, ಪ್ರತಿಯೊಂದೂ ಜೋಡಿ. ಎರಡು ಬೀಗದ ಕೈ, ಎರಡು ಲೋಟ, ಎರಡು ಚಾಕು. ಒಂದು ಕಳೆದ್ರೆ ಇನ್ನೊಂದು. ಇಪ್ಪತ್ತಾರು ವರ್ಷದಲ್ಲಿ ಜೋಡಿ ಇಲ್ಲದೆ ಪರದೆ ಏಳೋಕೆ ಬಿಟ್ಟಿಲ್ಲ. ಮಗಳು ರೇಗಿಸೋಳು, "ಅಪ್ಪಾ, ನಿನಗೆ ಹೆಂಡ್ತೀನೂ ಎರಡು ಬೇಕಿತ್ತು" ಅಂತ.

ಆಮೇಲೆ, ಲೈಟಿಗೆ ಈ ಸಲ ಅವನೇ ಬರ್ತಾನಂತೆ. ಮುಂಚೆ ಇದ್ದನಲ್ಲ, ಅವನು. ಇರಲಿ. ಮಗಳು ಊಟ ಸರಿಯಾಗಿ ಮಾಡ್ತಾಳಾ? ಔಷಧಿ ಅಂಗಡಿಯವನ ವಿಷಯ ಏನಾಯ್ತು?

ನಿನ್ನ ರೇಡಿಯೋ

ಜನವರಿ 12

ಲೋ ರೇಡಿಯೋ, ನಿನ್ನ ಥರ ಬಡಬಡಿಸೋಕೆ ನನಗೆ ಬರಲ್ಲ, ಟೈಪ್ ಮಾಡ್ತೀನಿ.

ಔಷಧಿ ಅಂಗಡಿಯವನಿಗೆ ಹೂಂ ಅಂದಿದ್ದಾಳೆ. ಏಪ್ರಿಲ್ 18, ರಿಜಿಸ್ಟರ್ ಆಫೀಸಲ್ಲಿ ಮದುವೆ. ಒಳ್ಳೆ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಇಷ್ಟಾನಾ ಅಂತ ಅವಳನ್ನ ಕೇಳಿದೆ. "ಬೇಡ ಅನ್ನೋಕೆ ಏನಿದೆ ಅತ್ತೆ" ಅಂದು ಗುಂಡಿ ಹೊಲಿಯೋದು ಮುಂದುವರಿಸಿದ್ಲು. ಇದು ನಿನಗೆ ಒಪ್ಪಿಗೆ ಥರ ಕೇಳಿಸುತ್ತಾ? ನನಗೆ ಕೇಳಿಸಲ್ಲ.

ಇನ್ನೊಂದು. ನಾಟಕದ ಸಾವನ್ನ ಅಷ್ಟುದ್ದ ಹೇಳಿದೆ. ಲೈಟಿನವನ ಬಗ್ಗೆ ಎರಡು ಮಾತಾಡಿ "ಇರಲಿ" ಅಂದೆ. ಹುಟ್ಟಿದಾಗಿಂದ ನಿನ್ನ ಬಾಯಲ್ಲಿ "ಇರಲಿ" ಅನ್ನೋದನ್ನ ನಾನು ಕೇಳಿಲ್ಲ. ಏನದು?

ಅಕ್ಕ

ಫೆಬ್ರವರಿ 3, ಬೆಳಿಗ್ಗೆ

ಅಕ್ಕಾ, ಇದು ನಾಲ್ಕನೇ ಸಲ ರೆಕಾರ್ಡ್ ಮಾಡ್ತಿರೋದು. ಮೂರು ಅಳಿಸಿದೆ.

ಆಗ ಮಗಳು ಇಲ್ಲೇ ಮೇಲಿನ ಹೊಲಿಗೆ ಕೋಣೆಯಲ್ಲಿದ್ಲು, ಆ ಲೈಟಿನವನು ಅದಕ್ಕೂ ಮೇಲೆ ಲೈಟಿನ ಅಟ್ಟದಲ್ಲಿ. ಅವರಿಬ್ಬರ ವಿಷಯ ಇಲ್ಲಿ ಬಾಗಿಲು ಕಾಯೋನಿಗೂ ಗೊತ್ತಿತ್ತು. ಆಮೇಲೆ ಅವನಿಗೆ ಬೇರೆ ಊರಿನ ದೊಡ್ಡ ಥಿಯೇಟರಲ್ಲಿ ಕೆಲಸ ಸಿಕ್ತು, ರೈಲಲ್ಲಿ ಒಂದೂವರೆ ದಿನದ ದಾರಿ. ಹೋಗೋ ಮುಂಚೆ ಜಗಳ. ಅವನದು ಮೊದಲೇ ಮಾತು ಕಮ್ಮಿ, ಅರ್ಧ ವಾಕ್ಯ ಹೇಳಿ ಚೀಲ ಎತ್ಕೊಂಡ. ಇವಳಿಗೆ ಸಿಟ್ಟು ಬಂತು. "ಹೇಳೋದಿದ್ರೆ ಕೂತು ಯೋಚನೆ ಮಾಡಿ ಬರಿ. ಅಲ್ಲೀವರೆಗೂ ಫೋನ್ ಎತ್ತಲ್ಲ" ಅಂದ್ಲು. ಎತ್ತಲೂ ಇಲ್ಲ. ಇಷ್ಟು ನಿನಗೂ ಗೊತ್ತು. ಅವನು ಬರೀಲೇ ಇಲ್ಲ ಅಂತ ನೀನೂ ಅವನನ್ನ ಬೈದಿದ್ದೀಯ.

ಬರೆದಿದ್ದ ಅಕ್ಕ.

ಮೂರು ವರ್ಷದ ಹಿಂದೆ, ಇದೇ ಒಪೆರಾದ ಮೊದಲ ಪ್ರದರ್ಶನದ ದಿನ ಮಧ್ಯಾಹ್ನ ಬಂತು. ಹಿಂಬಾಗಿಲಿಗೆ ಬರೋ ಟಪಾಲು ಹಂಚೋದು ನಾನೇ. ಲಕೋಟೆ ಅಂಟು ಅರ್ಧ ಬಿಟ್ಟಿತ್ತು ಅಂತ ನನಗೆ ನಾನೇ ಹೇಳ್ಕೊಂಡು ತೆಗೆದೆ. ಲೈಟಿನ ನಕ್ಷೆ ಬರೀತಾರಲ್ಲ, ತೆಳು ನೀಲಿ ಚೌಕಳಿ ಕಾಗದ, ಅದರ ಮೇಲೆ ಬರೆದಿದ್ದ. ಅವನ ಹತ್ರ ಬೇರೆ ಕಾಗದ ಎಲ್ಲಿರುತ್ತೆ. "ಇಲ್ಲಿ ಹೊಲಿಗೆ ಕೋಣೆಗೆ ಜನ ಬೇಕಂತೆ, ನಿನ್ನ ವಿಷಯ ಹೇಳಿದೀನಿ. ಬಾ. ಈ ತಿಂಗಳ ಕೊನೇ ಮೂರು ದಿನ ಬೆಳಗಿನ ರೈಲಿಗೆ ಸ್ಟೇಷನ್ನಲ್ಲಿ ಕಾಯ್ತೀನಿ. ಬರಲಿಲ್ಲಾಂದ್ರೆ ಅದೇ ನಿನ್ನ ಉತ್ತರ ಅಂದ್ಕೊಂಡು ಸುಮ್ಮನಾಗ್ತೀನಿ." ಅಷ್ಟು ಓದಿದೆ. ಮುಂದೆ ಓದೋಕೆ ಆಗಲಿಲ್ಲ. ಜೇಬಿಗೆ ಹಾಕ್ಕೊಂಡೆ. ಪ್ರದರ್ಶನ ಮುಗಿದ ಮೇಲೆ ಕೊಡೋಣ ಅಂತ.

ಪರದೆ ಏಳೋಕೆ ಹತ್ತು ನಿಮಿಷ ಇದ್ದಾಗ ರಂಗದ ಕಾಗದ, ನಾಟಕದಲ್ಲಿ ಗಡಿಯಾರದಿಂದ ಬೀಳುತ್ತಲ್ಲ ಅದು, ನೀರಿನ ಬಕೆಟ್ಟಿಗೆ ಬಿತ್ತು. ಶಾಯಿ ಎಲ್ಲ ಹರಿದು ಮುದ್ದೆ ಆಯ್ತು. ಖಾಲಿ ಕಾಗದ ಕೊಡೋ ಹಾಗಿಲ್ಲ, ಲೈಟು ಕಾಗದ ತೂರಿ ಬರುತ್ತೆ, ಬರಹ ಇಲ್ಲದಿದ್ರೆ ಮೊದಲ ಸಾಲಲ್ಲಿ ಕೂತೋರಿಗೆ ಗೊತ್ತಾಗುತ್ತೆ. ಕೈ ತಾನಾಗೇ ಜೇಬಿಗೆ ಹೋಯ್ತು. ಅವನ ಕಾಗದಾನ ಗಡಿಯಾರದೊಳಗೆ ಇಟ್ಟೆ. ಅವತ್ತು ಎಂಟುನೂರು ಜನರ ಮುಂದೆ ನನ್ನ ಮಗಳ ಕಾಗದ ಬೇರೆ ಯಾರೋ ಎದೆಗೊತ್ಕೊಂಡು ಅತ್ತರು. ನನ್ನ ಮಗಳು ಸೂಜಿ ದಾರ ಹಿಡ್ಕೊಂಡು ಪಕ್ಕದ ಪರದೆ ಹಿಂದೇನೇ ನಿಂತಿದ್ಲು.

ಬೆಳಿಗ್ಗೆ ಅದನ್ನ ಇಸ್ತ್ರಿ ಮಾಡ್ದೆ. ನಾಳೆ ಕೊಡೋಣ ಅಂದ್ಕೊಂಡೆ. ಮೂವತ್ತೊಂದು ಪ್ರದರ್ಶನ, ಮೂವತ್ತೊಂದು ಸಲ ಇಸ್ತ್ರಿ. ಬರಹ ಕೆಳಗೆ ಮಾಡಿ, ಕಣ್ಣಿಗೆ ಬೀಳದ ಹಾಗೆ. ಅಷ್ಟರಲ್ಲಿ ತಿಂಗಳ ಕೊನೆ ದಾಟಿಹೋಯ್ತು. ದಾಟಿದ ಮೇಲೆ ಏನಂತ ಕೊಡಲಿ? ಸುಡೋಕೂ ಕೈ ಬರಲಿಲ್ಲ. ಪೆಟ್ಟಿಗೇಲೇ ಇತ್ತು.

ಯಾಕೆ ಅಂತ ಕೇಳ್ತೀಯ. ಅವಳಮ್ಮ ತೀರಿಹೋದ ಮೇಲೆ ದಿನಾ ಮಧ್ಯಾಹ್ನ ಒಂದು ಗಂಟೆಗೆ ಅವಳು ಊಟದ ಡಬ್ಬಿ ಹಿಡ್ಕೊಂಡು ಈ ಕೋಣೆಗೆ ಇಳಿದು ಬರೋಳು. ನನ್ನ ಮಾತು ಕೊನೇವರೆಗೂ ಕೇಳ್ತಿದ್ದೋಳು ಜಗತ್ತಲ್ಲಿ ಅವಳೊಬ್ಬಳೇ. ಆಮೇಲೆ ಆರು ತಿಂಗಳಿಗೆ ನಿನ್ನ ಟೈಲರ್ ಅಂಗಡಿಗೆ ಹೋಗಿಬಿಟ್ಲು. ಕಾಗದಾನೂ ಕೊಡಲಿಲ್ಲ, ಅವಳೂ ಉಳೀಲಿಲ್ಲ.

ಅವಳಿಗೆ ಹೇಳಬೇಡ. ನಿನ್ನ ಕಾಲಿಗೆ ಬೀಳ್ತೀನಿ.

ರೇಡಿಯೋ

ಫೆಬ್ರವರಿ 4

ನಿನ್ನೆಯಿಂದ ಎರಡು ಅಂಗಿ ತಪ್ಪು ಕತ್ತರಿಸಿದೀನಿ.

ನಾನು ಹೇಳಲ್ಲ. ನೀನು ಹೇಳ್ತೀಯ. ಏಪ್ರಿಲ್ 18ರ ಒಳಗೆ, ನಿನ್ನ ಬಾಯಿಂದಾನೇ. ಅಷ್ಟು ದೊಡ್ಡ ಬಾಯಿ ಇಟ್ಕೊಂಡಿದ್ದೀಯಲ್ಲ, ಒಂದ್ಸಲ ಕೆಲಸಕ್ಕೆ ಬರಲಿ.

ಅಕ್ಕ

ಫೆಬ್ರವರಿ 27, ಮಧ್ಯಾಹ್ನ

ಅಕ್ಕಾ, ಕೋಪ ಮಾಡ್ಕೋಬೇಡ, ಪೂರ್ತಿ ಕೇಳು. ಅವನು ಬಂದ. ಕಿವಿ ಮೇಲೆ ಕೂದಲು ಬೆಳ್ಳಗಾಗಿದೆ. ಮೆಟ್ಟಿಲ ಹತ್ರ ಸಿಕ್ಕಿ "ಚೆನ್ನಾಗಿದೀರಾ" ಅಂದ. ನಾನು ಚೆನ್ನಾಗಿದೀನಿ ಅಂತ ಹೇಳೋಕೆ ಶುರು ಮಾಡಿ ಹವಾಮಾನ, ರಂಗದ ಹಲಗೆ, ನನ್ನ ಮಂಡಿನೋವು ಎಲ್ಲಾ ಹೇಳಿಬಿಟ್ಟೆ. ನಿಂತು ಕೇಳಿದ. ಆಮೇಲೆ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಮಗು. ಎರಡು ವರ್ಷ ಆಗ್ತಾ ಬಂತಂತೆ. ಹೆಂಡ್ತಿ ಸ್ಕೂಲಲ್ಲಿ ಪಾಠ ಮಾಡ್ತಾಳಂತೆ. ಮಗಳ ಬಗ್ಗೆ ಏನೂ ಕೇಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಆ ಫೋಟೋ ನೋಡಿ ನನಗೆ ಎದೆ ಮೇಲಿಂದ ಬಂಡೆ ಇಳಿದ ಹಾಗಾಯ್ತು. ಅವನದು ಸಂಸಾರ ಆಯ್ತು, ಅವಳದೂ ಆಗ್ತಾ ಇದೆ. ಈಗ ಆ ಕಾಗದ ಕೊಟ್ರೆ ಯಾರಿಗೇನು ಲಾಭ? ಆರಿದ ಬೂದಿ ಕೆದಕೋದು ಯಾಕೆ? ನೀನೇ ಹೇಳು.

ರೇಡಿಯೋ

ಫೆಬ್ರವರಿ 28

ಹೇಳ್ತೀನಿ. ಅವನನ್ನ ಮದುವೆ ಆಗೋಕೆ ಯಾರು ಹೊರಟಿದ್ದಾರೆ?

ಮೂರು ವರ್ಷದಿಂದ ಈ ಹುಡುಗಿ ತಾನು ಒಂದು ಕಾಗದಕ್ಕೂ ಬೇಡವಾದವಳು ಅಂದ್ಕೊಂಡಿದ್ದಾಳೆ. ಗಿರಾಕಿ ಸುಮ್ಮನೆ ಬೈದ್ರೂ "ನನ್ನದೇ ತಪ್ಪು" ಅಂತಾಳೆ. ಚಹಾಕ್ಕೆ ಸಕ್ಕರೆ ಎಷ್ಟು ಅಂದ್ರೆ "ನೀವು ಹಾಕಿದಷ್ಟು". ಕೇಳಿದವರಿಗೆಲ್ಲ ಹೂಂ. ಹಾಗೇ ಅವನಿಗೂ ಹೂಂ. ಆ ಬಡಪಾಯಿ ಔಷಧಿ ಅಂಗಡಿಯವನು ತನ್ನನ್ನ ಇಷ್ಟಪಟ್ಟಿದ್ದಾಳೆ ಅಂದ್ಕೊಂಡು ಮನೆಗೆ ಸುಣ್ಣ ಬಣ್ಣ ಹೊಡೆಸ್ತಿದ್ದಾನೆ. ನೀನು ಒಬ್ಬರ ಬದುಕು ಬಚ್ಚಿಟ್ಟಿಲ್ಲ ಕಣೋ. ಲೆಕ್ಕ ಹಾಕ್ಕೋ.

ಅಕ್ಕ

ಮಾರ್ಚ್ 17, ಬೆಳಿಗ್ಗೆ

ಅಕ್ಕಾ. ನಿನ್ನೆ ಒಂದು ಆಗಿದೆ.

ಗಡಿಯಾರದವನ ಮಗಳ ಪಾತ್ರಕ್ಕೆ ಈ ಸಲ ಹೊಸಬಳು ಬಂದಿದ್ದಾಳೆ. ಹೋದ ಸಲದವಳಿಗೆ ಕನ್ನಡಕ ಇಲ್ಲದೆ ತನ್ನ ಕೈಯೇ ಕಾಣ್ತಿರಲಿಲ್ಲ, ಕಾಗದ ಎಲ್ಲಿ ಓದ್ತಾಳೆ? ಅದೇ ನನ್ನ ಪುಣ್ಯ. ಇವಳು ಹಾಗಲ್ಲ. ಬೆಂಕಿಪೊಟ್ಟಣ ಕೊಟ್ರೂ ಅದರ ಮೇಲಿರೋದು ಓದೋ ಪೈಕಿ. ಅವನು ಅಟ್ಟದಲ್ಲಿರ್ತಾನಲ್ಲ ಅಂತ ಭಯಕ್ಕೆ ನಾನು ಹಾಡಿನ ಸಾಲು ಹಾಕಿ ಹೊಸ ಕಾಗದ ಒಂದು ಬರೆದು ಕೊಟ್ಟಿದ್ದೆ. ಅವಳು ಪೆಟ್ಟಿಗೆ ತಡಕಿ ಹಳೇದನ್ನ ಹಿಡ್ಕೊಂಡು ಬಂದ್ಲು. "ಸಾರ್, ನನಗೆ ಇದೇ ಬೇಕು. ಹೊಸದರಲ್ಲಿ ಅಕ್ಷರ ಇದೆ, ಇದರಲ್ಲಿ ಜೀವ ಇದೆ" ಅಂದ್ಲು.

"ಅದು ಸವೆದಿದೆ ಕಣಮ್ಮ, ಹರಿದುಹೋಗುತ್ತೆ" ಅಂದೆ.

"ಹರಿದ್ರೆ ನೀವಿದೀರಲ್ಲ. ಒಂದು ಅನುಮಾನ ಸಾರ್. ನಾಟಕದಲ್ಲಿ ಅಪ್ಪ ಕೆಟ್ಟೋನು. ನೀವು ಬರೆದಿರೋ ಕಾಗದದಲ್ಲಿ ಹುಡುಗ ಅಪ್ಪನ್ನೂ ಕರೀತಾನಲ್ಲ, ಯಾಕೆ?"

ಏನು ಕರೀತಾನೆ ಅಂದೆ. ನಾನೇ ಬರೆದಿದ್ದು ಅಂದ್ಕೊಂಡಿದ್ದಾಳಲ್ಲ, ನಗ್ತಾ ಓದಿದ್ಲು. "ನಿಮ್ಮಪ್ಪನ್ನ ಬಿಟ್ಟು ಬಾ ಅಂತ ನಾನು ಕೇಳ್ತಿಲ್ಲ. ಅವರನ್ನೂ ಕರ್ಕೊಂಡು ಬಾ. ಇಲ್ಲೂ ಸಾಮಾನು ಕೋಣೆ ಇದೆ, ನೋಡ್ಕೊಳ್ಳೋರು ಇಲ್ಲ. ನನಗೆ ಮಾತಾಡೋಕೆ ಬರಲ್ಲ, ಮನೇಲಿ ಮಾತಾಡೋರು ಒಬ್ಬರಾದ್ರೂ ಬೇಕು."

ಅಕ್ಕಾ, ನಾನು ಆ ಕಡೆ ತಿರುಗಿ ಕಪಾಟು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಮೂವತ್ತೊಂದು ಸಲ ಇಸ್ತ್ರಿಪೆಟ್ಟಿಗೆ ಹಾಯಿಸಿದೀನಿ ಆ ಸಾಲಿನ ಮೇಲೆ. ತಿರುಗಿಸಿ ಓದಲಿಲ್ಲ.

"ಸಾರ್, ತುಂಬಾ ಚೆನ್ನಾಗಿ ಬರೆದಿದ್ದೀರ" ಅಂದು ತಗೊಂಡು ಹೋದ್ಲು. ಕಾಗದ ಈಗ ಅವಳ ಹತ್ರ ಇದೆ. ಮುಂದಿನ ವಾರ ಲೈಟ್ ಹಾಕಿ ತಾಲೀಮು. ಅವನ ನೀಲಿ ಚೌಕಳಿ ಕಾಗದದ ಮೇಲೆ ಅವನೇ ಬೆಳಕು ಬಿಡ್ತಾನೆ.

ತಮ್ಮ

ಮಾರ್ಚ್ 25, ಬೆಳಿಗ್ಗೆ

ಅಕ್ಕಾ, ನಿನ್ನೆ ತಾಲೀಮು ಆಯ್ತು. ಮೂರನೇ ಅಂಕ. ಗಡಿಯಾರ ನಿಂತಿತು, ಬಾಗಿಲು ತೆಗೆದ್ಲು, ಕಾಗದ ಬಿತ್ತು. ಆ ಜಾಗದಲ್ಲಿ ಉಳಿದ ಲೈಟೆಲ್ಲ ಆರಿ ಒಂದೇ ಒಂದು ಬೆಳಕು ಕಾಗದದ ಮೇಲೆ ನಿಲ್ಲಬೇಕು. ನಾನು ಪಕ್ಕದ ಪರದೆ ಹಿಡ್ಕೊಂಡು ನಿಂತಿದ್ದೆ. ಅವಳು ಬಿಚ್ಚಿ ಎತ್ತಿ ಹಿಡಿದ್ಲು. ಬೆಳಕು ಕಾಗದ ತೂರಿ ಚೌಕಳಿ ಗೆರೆ ಒಂದೊಂದೂ ಎದ್ದು ಕಾಣ್ತು.

ಬೆಳಕು ಅಲ್ಲಾಡಿತು. ಸ್ವಲ್ಪಾನೇ. ಆಮೇಲೆ ಅವಳು ಎದ್ದು ಸೇತುವೆ ಕಡೆ ಓಡಿದ್ಲು. ಬೆಳಕು ಅವಳ ಹಿಂದೆ ಹೋಗಬೇಕಿತ್ತು, ಹೋಗಲಿಲ್ಲ. ಗಡಿಯಾರದ ಮೇಲೇ ನಿಂತುಬಿಡ್ತು. ನಿರ್ದೇಶಕರು ಕೆಳಗಿಂದ "ಏನಯ್ಯಾ, ಮೇಲೆ ನಿದ್ದೆನಾ?" ಅಂತ ಕೂಗಿದ್ರು. ಎಲ್ಲರೂ ನಕ್ಕರು. ಕತ್ತಲಲ್ಲಿ ಹಾಡ್ತಾ ನಿಂತಿದ್ದ ಅವಳೂ ನಕ್ಕಳು.

ತಾಲೀಮು ಮುಗಿದು ಊಟದ ಹೊತ್ತಿಗೆ ಅವನು ಅಟ್ಟದಿಂದ ಇಳಿದು ಬಂದ. ಸರಿಯಾಗಿ ಒಂದು ಗಂಟೆ. ಮಗಳು ಕೂರ್ತಿದ್ದ ಸ್ಟೂಲ್ ಮೇಲೇ ಕೂತ. ಮೇಜಿನ ಮೇಲೆ ಕಾಗದ ಇತ್ತು, ಇಸ್ತ್ರಿಪೆಟ್ಟಿಗೆ ಬಿಸಿ ಇತ್ತು. ಎತ್ತಿ ಎರಡೂ ಕಡೆ ನೋಡಿದ.

"ಇಸ್ತ್ರಿ ಚೆನ್ನಾಗಿ ಮಾಡಿದೀರಿ" ಅಂದ.

ನಾನು ಇಸ್ತ್ರಿಪೆಟ್ಟಿಗೆ ವೈರು ಕಿತ್ತೆ.

"ಅವಳು ಓದಿದ್ಲಾ?"

ಇಲ್ಲ ಅಂತ ತಲೆ ಆಡಿಸಿದೆ.

"ಮೂರು ದಿನ ಕಾದೆ. ನಾಲ್ಕನೇ ದಿನಾನೂ ಹೋಗಿದ್ದೆ, ರೈಲು ತಪ್ಪಿರಬಹುದು ಅಂತ." ಕಾಗದ ಮಡಚಿ ನನ್ನ ಮುಂದೇ ಇಟ್ಟ. "ನನಗೇನೂ ಬೇಡ. ನನ್ನ ಮನೆ ನನಗಿದೆ. ಆದ್ರೆ ನಾನು ಬರೆದಿದ್ದೆ ಅಂತ ಅವಳಿಗೆ ಗೊತ್ತಾಗಬೇಕು. ಶನಿವಾರ ಪರದೆ ಏಳೋದರೊಳಗೆ ನೀವು ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ." ಬಾಗಿಲ ಹತ್ರ ಹೋಗಿ ನಿಂತ. "ನೀವು ಹೇಳೋದೇ ಒಳ್ಳೇದು. ನನಗೆ ಮಾತಾಡೋಕೆ ಬರಲ್ಲ."

ಬೈದಿದ್ರೆ ಎಷ್ಟೋ ವಾಸಿ ಇತ್ತು.

ತಮ್ಮ

ಮಾರ್ಚ್ 27, ಬೆಳಿಗ್ಗೆ

ಮಗಳೇ, ಅಪ್ಪ. ನಿನಗೆ ಹೀಗೆ ಕಳಿಸ್ತಿರೋದು ಇದೇ ಮೊದಲು. ಇದನ್ನ ಕೇಳೋಕೆ ಮುಂಚೆ ಬಾಗಿಲು ಹಾಕ್ಕೋ, ಕೈಲಿರೋ ಸೂಜಿ ಕೆಳಗಿಡು.

ಅವನು ನಿನಗೆ ಬರೆದಿದ್ದ. ನೀನು ಹೇಳಿದ ಹಾಗೇ, ಕೂತು ಯೋಚನೆ ಮಾಡಿ ಬರೆದಿದ್ದ. ಅವನು ಹೋಗಿ ಇಪ್ಪತ್ತು ದಿನಕ್ಕೇ ಬಂತು. ನಾನು ಕೊಡಲಿಲ್ಲ. ಮೂರು ವರ್ಷದ ಹಿಂದೆ ಮೂರನೇ ಅಂಕದಲ್ಲಿ ಗಡಿಯಾರದಿಂದ ಬೀಳ್ತಿದ್ದ ಕಾಗದ ಅದೇ. ರಂಗದ ಕಾಗದ ನೀರಿಗೆ ಬಿದ್ದಿತ್ತು, ಗಡಿಬಿಡೀಲಿ ಕೈಗೆ ಸಿಕ್ಕಿದ್ದನ್ನ ಇಟ್ಟೆ, ಆಮೇಲೆ ಇವತ್ತು ನಾಳೆ ಅಂತ ಇಟ್ಕೊಂಡೇಬಿಟ್ಟೆ. ನೀನು ಪರದೆ ಪಕ್ಕ ನಿಂತು ಮೂವತ್ತೊಂದು ಸಲ ನೋಡಿದೀಯ. ಒಂದಿನ ಕಣ್ಣೊರೆಸ್ಕೊಂಡು "ಅಪ್ಪಾ, ಅವಳಿಗಾದ್ರೂ ಕಾಗದ ಸಿಕ್ತಲ್ಲ" ಅಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಇವತ್ತು ಅದನ್ನ ರಿಜಿಸ್ಟರ್ ಪೋಸ್ಟಲ್ಲಿ ಹಾಕಿದೀನಿ. ಹಾಡೋಳು ಬಿಡಲಿಲ್ಲ, "ಅದೇ ಬೇಕು ಸಾರ್" ಅಂತ ಹಟ ಮಾಡಿದ್ಲು. ಅದು ನನ್ನದಲ್ಲಮ್ಮ, ನನ್ನ ಮಗಳದು ಅಂದೆ. ಆಮೇಲೆ ತಾನೇ ಲಕೋಟೆಗೆ ಹಾಕಿ ಕೊಟ್ಲು.

ನೀನು ಬೇಡವಾದವಳಲ್ಲ ಮಗಳೇ. ನಾಲ್ಕು ದಿನ ಸ್ಟೇಷನ್ನಲ್ಲಿ ಒಬ್ಬ ನಿನಗೋಸ್ಕರ ನಿಂತಿದ್ದ. ಈಗ ಅವನಿಗೆ ಸಂಸಾರ ಇದೆ, ಅದನ್ನೂ ಹೇಳ್ಬೇಕು. ಏಪ್ರಿಲ್ 18ಕ್ಕೆ ಹೂಂ ಅಂತೀಯೋ ಬೇಡ ಅಂತೀಯೋ ನಿನ್ನಿಷ್ಟ, ಆದ್ರೆ ಇದು ಗೊತ್ತಿದ್ದು ಹೇಳು. ಗಡಿಬಿಡಿ ಆಯ್ತು ಅಂದೆನಲ್ಲ, ಗಡಿಬಿಡಿಗೆ ಕ್ಷಮೆ ಕೇಳ್ತಿಲ್ಲ. ಆಮೇಲಿಂದಕ್ಕೆ ಕೇಳ್ತಿದೀನಿ.

ಅಪ್ಪ

ಏಪ್ರಿಲ್ 2

ಲೋ, ಕಾಗದ ಸೋಮವಾರ ಬಂತು. ಬಾಗಿಲು ಹಾಕ್ಕೊಂಡ್ಲು. ಮಧ್ಯಾಹ್ನ ಹೊರಗೆ ಬಂದು ಮುಖ ತೊಳೆದು ಔಷಧಿ ಅಂಗಡಿಗೆ ನಡ್ಕೊಂಡು ಹೋದ್ಲು. ವಾಪಸ್ ಬಂದು, "ಬೇಡ ಅಂತ ಹೇಳಿ ಬಂದೆ ಅತ್ತೆ. ಪಾಪ, ಕೂರೋಕೆ ಕುರ್ಚಿ ಕೊಟ್ರು" ಅಂದ್ಲು. ಇಲ್ಲಿಗೆ ಬಂದಾಗಿಂದ ಅವಳ ಬಾಯಿಂದ ಬೇಡ ಅನ್ನೋ ಮಾತು ಕೇಳಿದ್ದು ಇದೇ ಮೊದಲು.

ನನಗೆ ಫೆಬ್ರವರಿಯಿಂದಾನೇ ಗೊತ್ತಿತ್ತು ಅಂತ ಹೇಳಿದೆ. ಈಗ ನನ್ನ ಹತ್ರಾನೂ ಮಾತಿಲ್ಲ. ಇವತ್ತು ಬೆಳಿಗ್ಗೆ ಚಹಾ ಕೊಟ್ಟೆ. ಕುಡಿದು ನೋಡಿ, ಎದ್ದು ಹೋಗಿ ತಾನೇ ಇನ್ನೊಂದು ಚಮಚ ಸಕ್ಕರೆ ಹಾಕ್ಕೊಂಡ್ಲು.

ನಿನ್ನ ನಾಟಕ ಹೇಗಾಯ್ತು ಅಂತ ನಾನು ಕೇಳಲ್ಲ.

ಅಕ್ಕ

ಏಪ್ರಿಲ್ 5

ಅಪ್ಪಾ, ಓದಿದೆ. ನೀನು ಹೇಳಿದ್ದನ್ನೂ ಎರಡು ಸಲ ಕೇಳಿದೆ.

ಒಂದೇ ಒಂದು ಪ್ರಶ್ನೆ. ರಂಗದ ಕಾಗದ ನೀರಿಗೆ ಬಿತ್ತು, ಸರಿ. ಜೋಡಿ ಇಲ್ಲದೆ ನೀನು ಯಾವತ್ತೂ ಪರದೆ ಏಳೋಕೆ ಬಿಟ್ಟವನಲ್ಲ.

ಎರಡನೇ ಕಾಗದ ಎಲ್ಲಿತ್ತು?

ಮಗಳು

ಏಪ್ರಿಲ್ 14, ಮಧ್ಯಾಹ್ನ ಒಂದು ಗಂಟೆ

ಇತ್ತು ಮಗಳೇ. ಮೇಜಿನ ಕೆಳಗಿನ ಡ್ರಾಯರಲ್ಲಿ.

ಅವತ್ತು ತೆಗೆದು ನೋಡಿದೆ. ಮುಚ್ಚಿದೆ.

ಅಪ್ಪ